ಗೆರೆ ಮಾಯವಾದರೆ ಲಾರಿ ವಾಪಸ್

ಐರ್ಲೆಂಡಿನ ಕೆರಿಗೋಲ್ಡ್ ಬೆಣ್ಣೆ 1962ರಲ್ಲಿ ಮಾರುಕಟ್ಟೆಗೆ ಬಂತು. ಅಂದಿನಿಂದ ಬೆಣ್ಣೆಯ ಜೊತೆಗೆ ಒಂದು ಚಿತ್ರವೂ ಮಾರಾಟವಾಗುತ್ತಿದೆ: ಹಸಿರು ಗುಡ್ಡ, ಜಿಟಿಜಿಟಿ ಮಳೆ, ತಲೆ ಬಗ್ಗಿಸಿ ಮೇಯುವ ಹಸು. ಚಿತ್ರ ಸುಳ್ಳೇನಲ್ಲ. ಅಲ್ಲಿನ ಹಸುಗಳು ವರ್ಷದ ಬಹುಪಾಲು ಬಯಲಲ್ಲೇ ಇರುತ್ತವೆ. ಆದರೆ ಆ ಚಿತ್ರದಲ್ಲಿ ಹಡಗು ಕಾಣುವುದಿಲ್ಲ.

ನವೆಂಬರ್ ಬಂತೆಂದರೆ ಹುಲ್ಲುಗಾವಲು ಕೆಸರಾಗಿ ಹಸುಗಳು ಕೊಟ್ಟಿಗೆ ಸೇರುತ್ತವೆ. ಸೈಲೇಜ್, ಅಂದರೆ ಹುದುಗಿಸಿಟ್ಟ ಹುಲ್ಲು, ಶುರುವಾಗುತ್ತದೆ, ಅದರ ಮೇಲೆ ಪಶು ಆಹಾರ. ಹಂದಿ, ಕೋಳಿಗಳಿಗಂತೂ ವರ್ಷವಿಡೀ ಚೀಲದ ಆಹಾರವೇ. ಆ ಆಹಾರದ ಕಚ್ಚಾ ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಸಮುದ್ರದ ಮೇಲೆ. ಬ್ರೆಜಿಲ್, ಉಕ್ರೇನ್, ಅಮೆರಿಕಗಳ ಮೆಕ್ಕೆಜೋಳ, ಅರ್ಜೆಂಟೀನಾದ ಸೋಯಾ ಹಿಂಡಿ, ಮದ್ಯದ ಕಾರ್ಖಾನೆಗಳಿಂದ ಉಳಿದ ಒಣ ಚರಟ, ಇವೆಲ್ಲ ಕಾರ್ಕ್ ಬಳಿಯ ರಿಂಗಸ್ಕಿಡ್ಡಿಯಲ್ಲೋ ಶಾನನ್ ನದಿಯ ಮುಖದ ಫಾಯ್ನ್ಸ್ ಬಂದರಿನಲ್ಲೋ ಇಳಿದು ಲಾರಿ ಹತ್ತುತ್ತವೆ. ಯಾವುದೋ ದೇಶದ ಬರಗಾಲ, ಯಾವುದೋ ದೇಶದ ಅಕಾಲ ಮಳೆ, ಎರಡೂ ಆ ಕಾಳಿನೊಳಗೆ ಕೂತು ಬರುತ್ತವೆ.

ಹೇಗೆಂದರೆ ಬೂಸ್ಟಿನ ರೂಪದಲ್ಲಿ. ಬೂಸ್ಟಿಗೂ ಹವಾಮಾನದ ಆಯ್ಕೆ ಉಂಟು. ತಂಪು, ತೇವದ ಐರ್ಲೆಂಡಿನಲ್ಲಿ ಗೋಧಿ ಹೂ ಬಿಡುವ ಹೊತ್ತಿಗೆ ಮಳೆ ಹಿಡಿದರೆ ತೆನೆಗೆ ಫ್ಯುಸೇರಿಯಂ ಹತ್ತುತ್ತದೆ. ಅದು ಬಿಡುವ ವಿಷ ಡಿಆಕ್ಸಿನಿವಾಲೆನಾಲ್, ಚುಟುಕಾಗಿ ಡಾನ್. ಅದು ಹಂದಿಗೆ ಆಗದು. ಸ್ವಲ್ಪ ಹೆಚ್ಚಾದರೂ ತಿನ್ನುವುದನ್ನು ಬಿಡುತ್ತದೆ, ಇನ್ನೂ ಹೆಚ್ಚಾದರೆ ಕಕ್ಕುತ್ತದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಬಹುಮಟ್ಟಿಗೆ ಮುರಿದು ಹಾಕುತ್ತವೆ. ಹಾಗಾಗಿಯೇ ಯುರೋಪಿನ ಮಾರ್ಗಸೂಚಿಯಲ್ಲಿ ಹಂದಿಯ ಆಹಾರಕ್ಕೆ ಕಿಲೋಗೆ 0.9 ಮಿಲಿಗ್ರಾಂ ಎಂದಿದ್ದರೆ ದೊಡ್ಡ ದನದ ಆಹಾರಕ್ಕೆ 5 ಮಿಲಿಗ್ರಾಂವರೆಗೆ ರಿಯಾಯಿತಿ. ಸರಿಯಾಗಿ ಒಣಗಿಸದೆ ಕಣಜಕ್ಕೆ ತುಂಬಿದ ಕಾಳಿನಲ್ಲಿ ಪೆನಿಸಿಲಿಯಂ ಜಾತಿಯದೊಂದು ಬೆಳೆದು ಆಕ್ರಟಾಕ್ಸಿನ್ ಬಿಡುತ್ತದೆ. ಇವು ಮನೆಯ ಶತ್ರುಗಳು.

ಎಲ್ಲಕ್ಕಿಂತ ಕೆಟ್ಟದ್ದು ಅಫ್ಲಾಟಾಕ್ಸಿನ್. ಅದನ್ನು ಬಿಡುವ ಆಸ್ಪರ್ಜಿಲಸ್ ಫ್ಲೇವಸ್‌ಗೆ ಬಿಸಿಲು ಬೇಕು, ಬರ ಬೇಕು. ಐರ್ಲೆಂಡಿನ ಹೊಲ ಅದಕ್ಕೆ ಒಗ್ಗದು. ಅದು ಹಡಗಿನ ಅತಿಥಿ. ಜಗತ್ತಿಗೆ ಅದರ ಪರಿಚಯವಾದದ್ದೂ ಹಡಗಿನಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ.

ಸತ್ತ ಕೋಳಿ ಕಣ್ಣಿಗೆ ಬೀಳುತ್ತದೆ. ಹಾಲು ಕೊಡುತ್ತಲೇ ಇರುವ ಹಸುವಿನದು ಬೇರೆ ಕಥೆ. ಮೇವಿನಲ್ಲಿದ್ದ ಅಫ್ಲಾಟಾಕ್ಸಿನ್ ಬಿ1 ಹಸುವಿನ ಯಕೃತ್ತಿನಲ್ಲಿ ಎಂ1 ಆಗಿ ಬದಲಾಗಿ ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ತಿಂದ ವಿಷದಲ್ಲಿ ನೂರಕ್ಕೆ ಒಂದರಿಂದ ಆರು ಪಾಲು ಹೀಗೆ ದಾಟುತ್ತದೆ. ಕಾಯಿಸಿದರೆ ಹೋಗದು, ಪಾಶ್ಚರೀಕರಣಕ್ಕೂ ಬಗ್ಗದು. ಹಾಲನ್ನು ಒಡೆದು ಚೀಸ್ ಮಾಡಿದರೆ ಪ್ರೋಟೀನಿಗೆ ಅಂಟಿಕೊಂಡು ಇನ್ನಷ್ಟು ಸಾಂದ್ರವಾಗುತ್ತದೆ.

ಇಲ್ಲೊಂದು ಲೆಕ್ಕ ಹಾಕಿ ನೋಡಬೇಕು, ಏಕೆಂದರೆ ಯುರೋಪಿನ ಕಾನೂನಿನ ತರ್ಕವೆಲ್ಲ ಈ ಲೆಕ್ಕದಲ್ಲಿದೆ. ಇಪ್ಪತ್ತು ಲೀಟರ್ ಕೊಡುವ ಹಸು ದಿನಕ್ಕೆ ಆರು ಕಿಲೋ ಪಶು ಆಹಾರ ತಿನ್ನುತ್ತದೆ ಎನ್ನೋಣ. ಆ ಆಹಾರದಲ್ಲಿ ಕಿಲೋಗೆ 20 ಮೈಕ್ರೋಗ್ರಾಂ, ಅಂದರೆ 20 ಪಿಪಿಬಿ, ಬಿ1 ಇದೆ. ಹೊಟ್ಟೆಗೆ ಹೋದದ್ದು 120 ಮೈಕ್ರೋಗ್ರಾಂ. ನೂರಕ್ಕೆ ಎರಡು ಪಾಲು ಹಾಲಿಗೆ ಇಳಿದರೆ 2.4 ಮೈಕ್ರೋಗ್ರಾಂ, ಲೀಟರಿಗೆ 0.12. ಯುರೋಪಿನಲ್ಲಿ ಹಾಲಿಗಿರುವ ಮಿತಿ ಕಿಲೋಗೆ 0.05. ಅಂದರೆ ಆ ಹಾಲು ಚರಂಡಿಗೆ. ಆಹಾರದಲ್ಲಿ 5 ಪಿಪಿಬಿ ಮಾತ್ರ ಇದ್ದರೆ ಹಾಲಿನಲ್ಲಿ 0.03, ಪಾರು. ಮೆಕ್ಕೆಜೋಳದಂಥ ಕಚ್ಚಾ ಮಾಲಿಗೆ 20 ಪಿಪಿಬಿವರೆಗೆ ಬಿಟ್ಟ 2002ರ ಯುರೋಪಿನ ನಿರ್ದೇಶನ, ಹಾಲು ಕೊಡುವ ದನದ ಸಿದ್ಧ ಆಹಾರಕ್ಕೆ 5ರ ಗೆರೆ ಎಳೆದದ್ದು ಸುಮ್ಮನೆ ಅಲ್ಲ. ಒಂದು ಟನ್ ಆಹಾರದಲ್ಲಿ ಐದು ಮಿಲಿಗ್ರಾಂ, ಇಷ್ಟನ್ನು ಹುಡುಕಬೇಕು.

ಐರ್ಲೆಂಡಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಜಗತ್ತಿನ ಶಿಶು ಆಹಾರದ ಪುಡಿಯಲ್ಲಿ ದೊಡ್ಡ ಪಾಲು ತಯಾರಾಗುವುದು ಅಲ್ಲಿನ ಕಾರ್ಖಾನೆಗಳಲ್ಲಿ. ಹಸುಗೂಸಿನ ಆಹಾರಕ್ಕೆ ಎಂ1 ಮಿತಿ ಇನ್ನೂ ಬಿಗಿ, 0.025. ಅದರ ಮೇಲೆ 2008ರ ಡಿಸೆಂಬರ್ ನೆನಪು ಬೇರೆ. ಆಗ ಬಂದದ್ದು ಬೂಸ್ಟಲ್ಲ, ಡಯಾಕ್ಸಿನ್. ಒಣಗಿಸುವ ಒಲೆಗೆ ಹಾಕಿದ ಕಲುಷಿತ ಎಣ್ಣೆಯ ಹೊಗೆ ಬ್ರೆಡ್ ಚೂರಿಗೆ ತಾಗಿ, ಆ ಚೂರು ಹಂದಿಯ ಹೊಟ್ಟೆಗೆ ಹೋಗಿ, ಸೆಪ್ಟೆಂಬರ್ 1ರಿಂದ ತಯಾರಾದ ಐರಿಷ್ ಹಂದಿಮಾಂಸವನ್ನೆಲ್ಲ ಅಂಗಡಿಗಳಿಂದ ಹಿಂದಕ್ಕೆ ಕರೆಸಬೇಕಾಯಿತು. ಸರ್ಕಾರ 18 ಕೋಟಿ ಯೂರೋವರೆಗಿನ ಪರಿಹಾರದ ಪ್ಯಾಕೇಜು ಘೋಷಿಸಿತು. ಪಶುವಿನ ತೊಟ್ಟಿಗೆ ಬಿದ್ದದ್ದು ಕೊನೆಗೆ ಬೊಕ್ಕಸಕ್ಕೇ ಬಂದು ತಟ್ಟುತ್ತದೆ ಎಂದು ಆ ದೇಶ ಕಲಿತದ್ದು ಹೀಗೆ.

ಬೂಸ್ಟಿನ ವಿಷಯದಲ್ಲಿ ಅಂಥದೇ ಪಾಠ 2013ರ ಮಾರ್ಚ್‌ನಲ್ಲಿ ಜರ್ಮನಿಗೆ ಆಯಿತು. ಹಿಂದಿನ ಬೇಸಿಗೆ ಸರ್ಬಿಯಾದಲ್ಲಿ ಭೀಕರ ಬರ. ಅಲ್ಲಿಂದ ಬಂದ 45,000 ಟನ್ ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಇತ್ತು. ಗೊತ್ತಾಗುವ ಹೊತ್ತಿಗೆ ಸುಮಾರು 10,000 ಟನ್ ಪಶು ಆಹಾರವಾಗಿ ಸಾವಿರಾರು ಕೊಟ್ಟಿಗೆ ಸೇರಿತ್ತು. ಗುಟ್ಟು ಬಿಟ್ಟುಕೊಟ್ಟದ್ದು ಮೆಕ್ಕೆಜೋಳವಲ್ಲ, ಹಾಲು. ಮಾಮೂಲಿ ತಪಾಸಣೆಯಲ್ಲಿ ಒಂದು ಕಡೆಯ ಹಾಲಿನಲ್ಲಿ ಎಂ1 ಮಿತಿ ಮೀರಿದ್ದು ಕಂಡ ಮೇಲೆ ಜಾಡು ಹಿಡಿದು ಹಿಂದಕ್ಕೆ ಹೋದರು. ಬಂದರಿನಲ್ಲಿ ನಿಲ್ಲಬೇಕಾದದ್ದು ತಂಬಿಗೆಯಲ್ಲಿ ಸಿಕ್ಕಿತು.

ಕ್ಷಿಪ್ರ ಪರೀಕ್ಷೆಯ ಬೆಲೆ ಇರುವುದು ಇಲ್ಲಿ. ದೊಡ್ಡ ಪ್ರಯೋಗಾಲಯದ ಯಂತ್ರಗಳು, ಎಚ್‌ಪಿಎಲ್‌ಸಿಯೋ ಮಾಸ್ ಸ್ಪೆಕ್ಟ್ರೋಮೀಟರೋ, ಹೇಳಿದ್ದು ವೇದವಾಕ್ಯ. ಆದರೆ ಮಾದರಿ ಕಳಿಸಿ, ಸರದಿ ಕಾದು, ವರದಿ ಕೈಗೆ ಬರಲು ದಿನಗಳೇ ಬೇಕು. ಲಾರಿ ದಿನಗಟ್ಟಲೆ ಗೇಟಿನಲ್ಲಿ ನಿಲ್ಲದು. ಮೆಕ್ಕೆಜೋಳ ಒಮ್ಮೆ ಗುಂಡಿಗೆ ಸುರಿದರೆ ಹಳೆಯ ಮಾಲಿನ ಜೊತೆ ಬೆರೆತಂತೆಯೇ.

ಗೇಟಿನ ಬಳಿಯ ಕೆಲಸ ಹೀಗೆ ನಡೆಯುತ್ತದೆ. ಲಾರಿಯ ಮೇಲಿಂದ ಉದ್ದನೆಯ ಟೊಳ್ಳು ಸಲಾಕೆಯನ್ನು ಹಲವು ಕಡೆ ಆಳಕ್ಕೆ ಚುಚ್ಚಿ ಕಾಳು ತೆಗೆಯುತ್ತಾರೆ. ಎಲ್ಲವನ್ನೂ ಸೇರಿಸಿ ನುಣ್ಣಗೆ ಬೀಸಿ, ಚೆನ್ನಾಗಿ ಬೆರೆಸಿ, ಅದರಲ್ಲಿ ಹಿಡಿಯಷ್ಟು ತೂಗಿ ಶೇಕಡಾ 70ರ ಮೆಥನಾಲಿನಲ್ಲಿ ಹಾಕಿ ಕುಲುಕುತ್ತಾರೆ. ಈಗ ಕೆಲವು ಕಿಟ್‌ಗಳಿಗೆ ನೀರಿನ ದ್ರಾವಣವೇ ಸಾಕು. ಹಿಟ್ಟು ಕೆಳಗೆ ಕೂರುತ್ತದೆ, ವಿಷ ದ್ರವಕ್ಕೆ ಬರುತ್ತದೆ. ಸೋಸಿದ ದ್ರವದ ಕೆಲವು ಹನಿ ಪುಟ್ಟ ಬಟ್ಟಲಿಗೆ, ಅದರೊಳಗೆ ಕಾಗದದ ಪಟ್ಟಿ. ಕೆಲವು ನಿಮಿಷ ಕಾಯಬೇಕು. ಆಮೇಲೆ ಪಟ್ಟಿಯನ್ನು ಓದುವ ಯಂತ್ರಕ್ಕೆ ತೂರಿಸಿದರೆ ಅಂಕಿ ಮೂಡುತ್ತದೆ. ಒಟ್ಟು ಕಾಲು ಗಂಟೆಯ ಆಸುಪಾಸು.

ಪಟ್ಟಿ ನೋಡಲು ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಟ್ಟಿಯಂತೆಯೇ ಇದೆ, ಆದರೆ ಓದುವುದು ತಿರುವುಮುರುವು. ಕೋವಿಡ್ ಪಟ್ಟಿಯಲ್ಲಿ ಎರಡನೇ ಗೆರೆ ಮೂಡಿದರೆ ರೋಗ. ಇಲ್ಲಿ ಗೆರೆ ಮಾಯವಾದರೆ ವಿಷ. ಕಾರಣ ವಿಷದ ಕಣದ ಗಾತ್ರ. ವೈರಾಣುವಿನ ಪ್ರೋಟೀನು ದೊಡ್ಡದು, ಅದನ್ನು ಎರಡು ಪ್ರತಿಕಾಯಗಳು ಎರಡು ಕಡೆಯಿಂದ ಹಿಡಿಯಬಹುದು. ಅಫ್ಲಾಟಾಕ್ಸಿನ್ ಕಣ ಎಷ್ಟು ಚಿಕ್ಕದೆಂದರೆ ಒಂದು ಪ್ರತಿಕಾಯ ಹಿಡಿದರೆ ಇನ್ನೊಂದಕ್ಕೆ ಜಾಗವಿಲ್ಲ. ಹಾಗಾಗಿ ವಿಜ್ಞಾನಿಗಳು ಪೈಪೋಟಿ ಹೂಡಿದರು. ಪಟ್ಟಿಯ ಮೇಲೆ ಗೆರೆಯಾಗಿ ಮೊದಲೇ ವಿಷದ ಕಣಗಳನ್ನು ಅಂಟಿಸಿರುತ್ತಾರೆ. ಚಿನ್ನದ ಅತಿಸೂಕ್ಷ್ಮ ಕಣ ಹೊತ್ತ ಪ್ರತಿಕಾಯಗಳು ದ್ರವದೊಡನೆ ಹರಿದು ಬರುತ್ತವೆ. ಮೆಕ್ಕೆಜೋಳ ಶುದ್ಧವಾಗಿದ್ದರೆ ಅವೆಲ್ಲ ಗೆರೆಗೆ ಅಂಟಿಕೊಂಡು ಕೆಂಪು ಬಣ್ಣ ಕೊಡುತ್ತವೆ. ದ್ರವದಲ್ಲೇ ವಿಷವಿದ್ದರೆ ದಾರಿಯಲ್ಲೇ ಅದನ್ನು ಅಪ್ಪಿಕೊಂಡು ಗೆರೆಯನ್ನು ದಾಟಿ ಹೋಗುತ್ತವೆ. ವಿಷ ಹೆಚ್ಚಿದಷ್ಟೂ ಗೆರೆ ಮಸುಕು. ಪಕ್ಕದ ನಿಯಂತ್ರಣ ಗೆರೆ ಮಾತ್ರ ಯಾವಾಗಲೂ ಮೂಡಲೇಬೇಕು. ಮೂಡದಿದ್ದರೆ ಪಟ್ಟಿಯೇ ಕೆಟ್ಟಿದೆ.

ಇಷ್ಟು ಚಿಕ್ಕ ಕಣಕ್ಕೆ ಪ್ರತಿಕಾಯ ಹುಟ್ಟಿಸುವುದೇ ಒಂದು ಸಾಹಸ, ಏಕೆಂದರೆ ಪ್ರಾಣಿಯ ದೇಹ ಅದನ್ನು ಗಮನಿಸುವುದೇ ಇಲ್ಲ. ದೊಡ್ಡ ಪ್ರೋಟೀನೊಂದರ ಬೆನ್ನಿಗೆ ಕಟ್ಟಿ ಚುಚ್ಚಬೇಕು. 1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಪ್ರತಿಕಾಯ ಬಳಸಿ ಅಳೆಯುವ ಎಲೈಸಾ ವಿಧಾನ ಕೊಟ್ಟರು, 1975ರಲ್ಲಿ ಕೇಂಬ್ರಿಜ್‌ನ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಅಚ್ಚಿನ ಪ್ರತಿಕಾಯಗಳನ್ನು ಎಷ್ಟು ಬೇಕಾದರೂ ತಯಾರಿಸುವ ದಾರಿ ತೋರಿಸಿದರು. ಇಂದಿನ ಪಟ್ಟಿಗಳೆಲ್ಲ ಆ ಎರಡು ಕೆಲಸಗಳ ಮೊಮ್ಮಕ್ಕಳು. ಎಲೈಸಾ ಇನ್ನೂ ಚಾಲ್ತಿಯಲ್ಲಿದೆ. 96 ಗುಳಿಗಳ ತಟ್ಟೆಯಲ್ಲಿ ಒಂದೇ ಸಲ ಹತ್ತಾರು ಮಾದರಿ ನೋಡಬಹುದಾದ್ದರಿಂದ ದೊಡ್ಡ ಗಿರಣಿಗಳಿಗೆ ಅದು ಅಗ್ಗ. ಉತ್ತರ ಐರ್ಲೆಂಡಿನ ಆಂಟ್ರಿಮ್ ಕೌಂಟಿಯ ಕ್ರಮ್ಲಿನ್‌ನಲ್ಲಿರುವ ರ‍್ಯಾಂಡಾಕ್ಸ್ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಉಗುರಿನಗಲದ ಚಿಪ್ ಮೇಲೆ ಚುಕ್ಕಿಚುಕ್ಕಿಯಾಗಿ ಬೇರೆಬೇರೆ ಪ್ರತಿಕಾಯಗಳನ್ನು ಕೂರಿಸಿ, ಒಂದೇ ಮಾದರಿಯಲ್ಲಿ ಹಲವು ಬೂಸ್ಟು ವಿಷಗಳನ್ನು ಒಟ್ಟಿಗೆ ಹುಡುಕುವ ಏರ್ಪಾಡು ಅದರದು. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲೂ ಈ ಬಗ್ಗೆ ವರ್ಷಗಳಿಂದ ಸಂಶೋಧನೆ ನಡೆದಿದೆ. ದ್ವೀಪದ ಎರಡು ಭಾಗ ಎರಡು ದೇಶಗಳಲ್ಲಿದ್ದರೂ ದನದ ಆಹಾರದ ನಿಯಮ ಬ್ರೆಕ್ಸಿಟ್ ಆದ ಮೇಲೂ ಎರಡೂ ಕಡೆ ಯುರೋಪಿನದೇ.

ಇಷ್ಟೆಲ್ಲ ಓದಿದವರು ಪಟ್ಟಿ ಇದ್ದರೆ ಮುಗಿಯಿತಲ್ಲ ಎಂದುಕೊಳ್ಳಬಹುದು. ಪಟ್ಟಿ ಮಾರುವವರು ಹೇಳುವುದೂ ಅದನ್ನೇ. ನನಗೆ ಹಾಗೆ ಕಾಣುವುದಿಲ್ಲ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಮೆಕ್ಕೆಜೋಳದ ರಾಶಿಯಲ್ಲಿ ಆ ಮಾತು ನಡೆಯದು. ಬೂಸ್ಟು ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ಹಡಗಿನ ಹೊಟ್ಟೆಯ ಒಂದು ಮೂಲೆಗೆ ನೀರು ಸೋರಿದೆ, ಅಲ್ಲಿ ಮಾತ್ರ ಮುದ್ದೆ ಕಟ್ಟಿದೆ, ಉಳಿದದ್ದು ಚೊಕ್ಕ. ಕೆಟ್ಟ ಮೆಕ್ಕೆಜೋಳದ ಒಂದೊಂದೇ ಕಾಳಿನಲ್ಲಿ ನಾಲ್ಕು ಲಕ್ಷ ಪಿಪಿಬಿವರೆಗೆ ಅಫ್ಲಾಟಾಕ್ಸಿನ್ ಕಂಡದ್ದುಂಟು. ಕಾಳಿನ ತೂಕ 0.3 ಗ್ರಾಂ ಎಂದರೆ ಅದರೊಳಗೆ 120 ಮೈಕ್ರೋಗ್ರಾಂ ವಿಷ. ಅಂಥ ಒಂದೇ ಒಂದು ಕಾಳು ಐದು ಕಿಲೋ ಶುದ್ಧ ಮೆಕ್ಕೆಜೋಳಕ್ಕೆ ಬಿದ್ದರೆ ಸರಾಸರಿ 24 ಪಿಪಿಬಿ, ಮಿತಿ ದಾಟಿತು. ಐದು ಕಿಲೋದಲ್ಲಿ ಸುಮಾರು ಹದಿನೇಳು ಸಾವಿರ ಕಾಳು. ಆ ಒಂದು ಕಾಳು ನಿಮ್ಮ ಸಲಾಕೆಗೆ ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಲಾರಿಯ ಭವಿಷ್ಯ ನಿಂತಿದೆ. ಸಿಗದಿದ್ದರೆ ಕೋಟಿ ರೂಪಾಯಿಯ ಯಂತ್ರವೂ ಶುದ್ಧ ಎಂದೇ ಹೇಳುತ್ತದೆ, ಹೇಳಿದ್ದು ಸುಳ್ಳೂ ಅಲ್ಲ.

ಆದ್ದರಿಂದಲೇ ಯುರೋಪಿನ ನಿಯಮಗಳಲ್ಲಿ ಪರೀಕ್ಷೆಯಷ್ಟೇ ಜಾಗ ಮಾದರಿ ತೆಗೆಯುವುದಕ್ಕೂ ಇದೆ. ಆಹಾರಧಾನ್ಯದ ದೊಡ್ಡ ರಾಶಿಯಾದರೆ ನೂರು ಕಡೆಯಿಂದ ಚೂರುಚೂರು ತೆಗೆದು ಹತ್ತು ಕಿಲೋ ಒಟ್ಟು ಮಾಡಬೇಕು, ಅಷ್ಟನ್ನೂ ಬೀಸಿಯೇ ಹಿಡಿಯಷ್ಟು ತೆಗೆಯಬೇಕು. ಬೀಸುವುದು ಬೇಸರದ ಕೆಲಸ, ಧೂಳು, ಸದ್ದು; ಗಿರಣಿಯಲ್ಲಿ ಕೆಲಸ ತಪ್ಪಿಸಿಕೊಳ್ಳುವವರು ಮೊದಲು ತಪ್ಪಿಸಿಕೊಳ್ಳುವುದು ಇಲ್ಲೇ. ಕೆಲವು ನಿಮಿಷದ ಪಟ್ಟಿಗೆ ಅದಕ್ಕಿಂತ ಹೆಚ್ಚು ಹೊತ್ತಿನ ಮಾದರಿ ಬೇಕು ಎಂದರೆ ಯಾವ ಮ್ಯಾನೇಜರನ ಮುಖವೂ ಅರಳದು.

ಇನ್ನೊಂದು ತೊಡಕು: ಮೆಕ್ಕೆಜೋಳಕ್ಕೆಂದು ಹೊಂದಿಸಿದ ಪಟ್ಟಿ ಸಿದ್ಧ ಪಶು ಆಹಾರದಲ್ಲಿ ಅಷ್ಟೇ ಸರಿಯಾಗಿ ಓದಬೇಕೆಂದಿಲ್ಲ. ಬೆಲ್ಲದ ಮಡ್ಡಿ, ಖನಿಜ, ಎಣ್ಣೆ, ಬಣ್ಣ, ಎಲ್ಲವೂ ಪ್ರತಿಕಾಯದ ದಾರಿಗೆ ಅಡ್ಡ ಬರುತ್ತವೆ. ಮದ್ಯದ ಕಾರ್ಖಾನೆಯ ಚರಟದಲ್ಲಿ ಪಿಷ್ಟವೆಲ್ಲ ಹುದುಗಿ ಹೋಗಿರುವುದರಿಂದ ಮೂಲ ಕಾಳಿನಲ್ಲಿದ್ದ ವಿಷ ಸುಮಾರು ಮೂರು ಪಟ್ಟಾಗಿ ಉಳಿದಿರುತ್ತದೆ. ಡಾನ್ ವಿಷ ಕೆಲವೊಮ್ಮೆ ಗಿಡದ ಸಕ್ಕರೆಗೆ ಅಂಟಿಕೊಂಡು ವೇಷ ಮರೆಸಿಕೊಂಡಿರುತ್ತದೆ. ಹಂದಿಯ ಕರುಳಿನಲ್ಲಿ ಮತ್ತೆ ಬಿಡಿಸಿಕೊಳ್ಳುತ್ತದೆ.

ಹೀಗಾಗಿ ಪಟ್ಟಿಯ ತೀರ್ಪು ಅಂತಿಮವಲ್ಲ. ಅದರ ಕೆಲಸ ಅನುಮಾನ ಪಡುವುದು. ಆಹಾರಧಾನ್ಯಗಳಿಗೆ ಸಂಬಂಧಿಸಿದ 2014ರ ಯುರೋಪಿನ ನಿಯಮ ಇದನ್ನು ಸ್ಪಷ್ಟವಾಗಿ ಒಪ್ಪಿಕೊಂಡಿತು: ಮಿತಿಯಷ್ಟು ವಿಷವಿರುವ ನೂರು ಮಾದರಿಗಳಲ್ಲಿ ಐದಕ್ಕಿಂತ ಹೆಚ್ಚು ಕಣ್ತಪ್ಪಿ ಹೋಗಬಾರದು, ಸುಮ್ಮಸುಮ್ಮನೆ ಅನುಮಾನ ಪಟ್ಟದ್ದನ್ನು ಪ್ರಯೋಗಾಲಯ ತಿದ್ದುತ್ತದೆ. ಐರ್ಲೆಂಡಿನಲ್ಲಿ ಹಾಗೆ ತಿದ್ದುವ ಮನೆ ಕಿಲ್ಡೇರ್ ಕೌಂಟಿಯ ಸೆಲ್‌ಬ್ರಿಜ್ ಬಳಿ, ಬ್ಯಾಕ್‌ವೆಸ್ಟನ್‌ನಲ್ಲಿರುವ ಕೃಷಿ ಇಲಾಖೆಯ ಪ್ರಯೋಗಾಲಯ. ಮಿತಿ ಮೀರಿದೆ ಎಂದಾದರೆ ಆ ಮಾಲನ್ನು ಒಳ್ಳೆಯದರ ಜೊತೆ ಬೆರೆಸಿ ಸರಾಸರಿ ಇಳಿಸುವ ಚಾಲಾಕಿ ನಡೆಯದು. 2002ರ ನಿರ್ದೇಶನ ಅದನ್ನು ನೇರವಾಗಿ ನಿಷೇಧಿಸಿದೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಬೆನ್ನೆಲುಬು ಪಟ್ಟಿಯಲ್ಲ, ಈ ನಿಷೇಧ. ಬೆರೆಸಲು ಬಿಟ್ಟರೆ ಯಾರೂ ಪರೀಕ್ಷೆಗೆ ಹೆದರಬೇಕಾಗಿಲ್ಲ.

ಹಾಗೆಂದು ಐರ್ಲೆಂಡಿನಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಬಂದರಿನಲ್ಲಿ ಕಾವಲಿದೆ, ಹಿತ್ತಿಲಲ್ಲಿ ಇಲ್ಲ. ಕಪ್ಪು ಪ್ಲಾಸ್ಟಿಕ್ ಸುತ್ತಿದ ಸೈಲೇಜ್ ಸುರುಳಿಗಳನ್ನು ಆ ದೇಶದ ಯಾವ ಹೊಲದ ಅಂಚಿನಲ್ಲೂ ನೋಡಬಹುದು. ಕಾಗೆ ಕುಕ್ಕಿಯೋ ಬೆಕ್ಕು ಪರಚಿಯೋ ಪ್ಲಾಸ್ಟಿಕ್ಕಿಗೆ ತೂತಾದರೆ ಗಾಳಿ ಹೊಕ್ಕು, ಒಳಗೆ ನೀಲಿ ಹಸಿರಿನ ಮುದ್ದೆಗಳು ಬೆಳೆಯುತ್ತವೆ. ಮೀತ್ ಕೌಂಟಿಯ ಗ್ರೇಂಜ್‌ನಲ್ಲಿರುವ ಟೀಗಸ್ಕ್ ಕೃಷಿ ಸಂಶೋಧನಾ ಕೇಂದ್ರದವರು ಅಂಥ ಸುರುಳಿಗಳನ್ನು ಬಿಚ್ಚಿ ನೋಡಿದಾಗ ಹೆಚ್ಚಾಗಿ ಸಿಕ್ಕ ಬೂಸ್ಟು ಪೆನಿಸಿಲಿಯಂ ರೋಕ್‌ಫೋರ್ಟಿ, ಪ್ರಸಿದ್ಧ ನೀಲಿ ಚೀಸ್‌ಗೆ ರುಚಿ ಕೊಡುವ ಅದೇ ಜಾತಿ. ಸೈಲೇಜಿನಲ್ಲಿ ಅದು ಬಿಡುವ ವಿಷಗಳಿಗೆ ಕಾನೂನಿನ ಮಿತಿ ಇಲ್ಲ. ರೈತ ಮಾಡುವುದು ಅಜ್ಜನ ಕಾಲದ ಕೆಲಸವನ್ನೇ: ಬೂಸ್ಟು ಕಂಡ ಕಡೆ ಕೈಯಲ್ಲಿ ಕಿತ್ತು ಎಸೆಯುವುದು. ಹಾಗೆ ಕಿತ್ತೆಸೆದರೂ ಕಣ್ಣಿಗೆ ಕಾಣದ್ದು ಉಳಿದಿರುತ್ತದೆ.

ಇನ್ನು ನಮ್ಮ ಕಡೆ. ಮೈಸೂರಿಗೆ ಈ ವಿಷದ ಪರಿಚಯ ಹೊಸದಲ್ಲ. ಅಪೌಷ್ಟಿಕತೆಯಿಂದ ನರಳುತ್ತಿದ್ದ ಮಕ್ಕಳಿಗೆ ಕೊಟ್ಟ ಶೇಂಗಾ ಹಿಟ್ಟಿನಲ್ಲಿ ಅಫ್ಲಾಟಾಕ್ಸಿನ್ ಇದ್ದು, ಅವರ ಯಕೃತ್ತು ಗಡುಸಾದದ್ದನ್ನು ಅಲ್ಲಿನ ವೈದ್ಯರು ಮತ್ತು ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 1971ರಲ್ಲೇ ಬರೆದಿದ್ದಾರೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು 106 ಜನ ಸತ್ತರು. ಆದರೂ ನಮ್ಮಲ್ಲಿ ಹಾಲಿನ ಚರ್ಚೆ ಎಂದರೆ ಯೂರಿಯಾ, ಡಿಟರ್ಜೆಂಟ್. 2019ರಲ್ಲಿ ಬಿಡುಗಡೆಯಾದ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ ಸಮೀಕ್ಷೆ ನೋಡಿ. ದೇಶದ 6,432 ಹಾಲಿನ ಮಾದರಿಗಳಲ್ಲಿ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು ಬರೀ 12ರಲ್ಲಿ. ಎಂ1 ಮಿತಿ ಮೀರಿದ್ದು 368ರಲ್ಲಿ. ರಾಜ್ಯಗಳ ಪಟ್ಟಿಯ ಮೇಲ್ತುದಿಯಲ್ಲಿ ನಮ್ಮ ನೆರೆಯ ತಮಿಳುನಾಡು, ಕೇರಳಗಳೂ ಇದ್ದವು. ಅದೂ ನಮ್ಮ ಮಿತಿ ಯುರೋಪಿನದಕ್ಕಿಂತ ಹತ್ತು ಪಟ್ಟು ಸಡಿಲವಾಗಿದ್ದು: 0.5.

ನಮ್ಮ ಹತ್ತು ಲೀಟರಿನ ಹಸುವಿಗೆ ದಿನಕ್ಕೆ ಎರಡು ಕಿಲೋ ಬೂಸ್ಟು ಹಿಡಿದ ಶೇಂಗಾ ಹಿಂಡಿ ಹಾಕಿದೆವು, ಅದರಲ್ಲಿ 200 ಪಿಪಿಬಿ ಇದೆ ಎನ್ನಿ. ಅದೇ ಲೆಕ್ಕದಲ್ಲಿ ಹಾಲಿನಲ್ಲಿ ಲೀಟರಿಗೆ 0.8 ಮೈಕ್ರೋಗ್ರಾಂ. ಸಡಿಲ ಮಿತಿಯೂ ದಾಟಿತು. ಮನುಷ್ಯರಿಗೆ ಬೇಡವಾದ ಹಿಂಡಿ ದನಕ್ಕಾದರೂ ಆಗಲಿ ಎಂಬ ಲೆಕ್ಕಾಚಾರ ಮರುದಿನದ ಹಾಲಿನಲ್ಲಿ ಮನೆಗೇ ವಾಪಸ್ ಬರುತ್ತದೆ. ಹಾವೇರಿ, ದಾವಣಗೆರೆ ಕಡೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು, ಹೆದ್ದಾರಿಯ ಅಂಚಿನಲ್ಲಿ ಟಾರ್ಪಾಲ್ ಹೊದಿಸಿಟ್ಟ ಮೆಕ್ಕೆಜೋಳ ಒಳಗೊಳಗೇ ಬಿಸಿಯಾಗುವುದನ್ನು ಕಂಡವರಿಗೆ ಇದು ಎಲ್ಲಿಂದ ಶುರುವಾಗುತ್ತದೆಂದು ಹೇಳಬೇಕಾಗಿಲ್ಲ. ಬೂಸ್ಟು ಬಂದ ಮೇಲೆ ಬಿಸಿಲಿಗೆ ಹಾಕಿ ಕೊಡವಿದರೆ ಬೂಸ್ಟು ಹೋದೀತು, ವಿಷ ಹೋಗದು. ಒಳ್ಳೆಯ ಸುದ್ದಿ ಒಂದೇ: ಕೆಟ್ಟ ಹಿಂಡಿ ನಿಲ್ಲಿಸಿದ ಮೂರ್ನಾಲ್ಕು ದಿನಗಳಲ್ಲಿ ಹಾಲು ತಿಳಿಯಾಗುತ್ತದೆ.

ಹಾಲನ್ನು ಪರೀಕ್ಷಿಸುವುದು ತಡವಾದ ಕೆಲಸ. ಒಬ್ಬನ ಕೆಟ್ಟ ಹಿಂಡಿ ಡೇರಿಯ ಟ್ಯಾಂಕರಿನಲ್ಲಿ ಊರಿನೆಲ್ಲರ ಹಾಲಿನ ಜೊತೆ ಬೆರೆತಾಗಿರುತ್ತದೆ. ನಿಲ್ಲಿಸಬೇಕಾದದ್ದು ಪಶು ಆಹಾರ ಘಟಕದ ಗೇಟಿನಲ್ಲಿ, ಲಾರಿ ಇನ್ನೂ ಸುರಿಯದಿರುವಾಗ. ಕರ್ನಾಟಕದಲ್ಲಿ ಅದು ಹೊಸದಾಗಿ ಕಟ್ಟಬೇಕಾದ ಸಂಸ್ಥೆಯೇನಲ್ಲ: ಹಾಲು ಮಹಾಮಂಡಳದ್ದೇ ಪಶು ಆಹಾರ ಘಟಕಗಳಿವೆ, ಸಿದ್ಧ ಆಹಾರಕ್ಕೆ 20 ಪಿಪಿಬಿ ಎಂಬ ಭಾರತೀಯ ಮಾನಕವೂ ಇದೆ. ಒಂದು ಲಾರಿ ಮೆಕ್ಕೆಜೋಳದ ಬೆಲೆಯ ಮುಂದೆ ಒಂದು ಪಟ್ಟಿಯ ಬೆಲೆ ಲೆಕ್ಕಕ್ಕೇ ಇಲ್ಲ. ಗೇಟಿನಲ್ಲಿ ಎಷ್ಟು ಲಾರಿ ಪರೀಕ್ಷೆಯಾದವು, ಎಷ್ಟು ವಾಪಸ್ ಹೋದವು, ವಾಪಸ್ ಹೋದದ್ದು ಆಮೇಲೆ ಎಲ್ಲಿ ಇಳಿಯಿತು ಎಂಬ ಮೂರು ಅಂಕಿಗಳನ್ನು ತಿಂಗಳಿಗೊಮ್ಮೆ ಹಾಲು ಉತ್ಪಾದಕರ ಸಂಘದ ಬೋರ್ಡಿಗೆ ಅಂಟಿಸಿದರೆ ಸಾಕು. ಸಂಘದ ಸರ್ವ ಸದಸ್ಯರ ಸಭೆ ಬಂದಾಗ ಲೀಟರಿನ ದರ ಕೇಳಿದ ಮೇಲೆ ಈ ಮೂರನ್ನೂ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.